ಇವನ ಮಕ್ಕಳೆಲ್ಲಿ?

ದಸರೆಯ ರಜೆ ಮುಗಿಯಲು ಮೂರೇ ದಿನಗಳಿದ್ದವು. ಶಿವಮೊಗ್ಗದ ಸವಳಂಗ ರಸ್ತೆಯ ಆ ಮನೆಯಲ್ಲಿ ಮೈಸೂರಿನ ಪ್ರವಾಸ ಈ ವರ್ಷವೂ ಮಾತಿನಲ್ಲಿಯೇ ಉಳಿದಿತ್ತು. ತಂದೆಗೆ ಕಚೇರಿಯ ಕೆಲಸದಿಂದ ಬಿಡುವಿರಲಿಲ್ಲ. ಕೊನೆಗೆ ಅರ್ಧ ದಿನದ ರಜೆ ಪಡೆದು, ಇಬ್ಬರು ಮಕ್ಕಳನ್ನೂ ಅವರು ಊರೊಳಗಿನ ಶಿವಪ್ಪನಾಯಕನ ಅರಮನೆಗೆ ಕರೆದೊಯ್ದರು. ತುಂಗೆಯ ದಡದ ಆ ಕಟ್ಟಡ ಇಂದು ಸರ್ಕಾರಿ ವಸ್ತುಸಂಗ್ರಹಾಲಯ.

ಮರದ ಕಂಬಗಳ ದರ್ಬಾರಿಗಿಂತ ಮಕ್ಕಳನ್ನು ಸೆಳೆದದ್ದು ಹೊರಗಿನ ವೀರಗಲ್ಲುಗಳು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ದೇವಸನ್ನಿಧಿ. ತುರುಗಳನ್ನು ಮರಳಿಸಲು, ಊರನ್ನು ಉಳಿಸಲು ಪ್ರಾಣ ತೆತ್ತವರಲ್ಲಿ ಅರಸರಲ್ಲದ ಸಾಮಾನ್ಯರೂ ಅನೇಕರು. ತಂದೆ ಇದನ್ನೆಲ್ಲ ಬೆರಳು ತೋರಿ ವಿವರಿಸಿದರು. ಏಳು ವರ್ಷದ ಮಗಳು ಕಲ್ಲನ್ನು ಅಡಿಯಿಂದ ಮುಡಿಯವರೆಗೆ ಹುಡುಕಿ ನೋಡಿ ಕೇಳಿದಳು:

“ಅಪ್ಪಾ, ಇವನ ಮಕ್ಕಳೆಲ್ಲಿ?”

ಶಿಲ್ಪಿ ಅವರನ್ನು ಕಡೆದಿರಲಿಲ್ಲ. ಜೇಬಿನಲ್ಲಿ ಮತ್ತೆ ಮತ್ತೆ ಮೊಳಗುತ್ತಿದ್ದ ಫೋನನ್ನು ತಂದೆ ಆರಿಸಿಟ್ಟರು. ಮಧ್ಯಾಹ್ನ ಕಚೇರಿಗೆ ಹಿಂದಿರುಗಬೇಕಾಗಿದ್ದವರು ಅಂದು ಹೋಗಲಿಲ್ಲ. ಸಂಜೆಯವರೆಗೂ ಮೂವರೂ ಹೊಳೆಯ ದಂಡೆಯಲ್ಲಿ ಕುಳಿತಿದ್ದರು. ಮಗ ನೀರಿಗೆ ಕಲ್ಲೆಸೆಯುತ್ತ, ಎಷ್ಟು ಸಲ ನೆಗೆಯಿತೆಂದು ತಂದೆಯಿಂದ ಎಣಿಸಿಕೊಂಡನು.

ಮೈಸೂರಿನ ಮಾತನ್ನು ಆ ರಜೆಯಲ್ಲಿ ಮಕ್ಕಳು ಮತ್ತೆ ಎತ್ತಲಿಲ್ಲ.