ಆ ಮೋಡ ಎಲ್ಲಿ ಸುರೀತು?

ಆಗಸ್ಟ್ ಮೊದಲ ವಾರದಲ್ಲಿ ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಫೋಟೊ ಸ್ಪರ್ಧೆಯ ನೋಟಿಸ್ ಹಾಕಿದ್ದು ನಿಮಗೆಲ್ಲ ನೆನಪಿರಬಹುದು. ವಿಷಯ: ಹವಾಮಾನ ಮತ್ತು ನಮ್ಮ ನೆಲ. ಒಬ್ಬರಿಗೆ ಒಂದೇ ಫೋಟೊ, ಮೊಬೈಲ್‌ನಲ್ಲಿ ತೆಗೆದದ್ದಾದರೂ ಆಗುತ್ತದೆ. ಕಾಮರ್ಸ್‌ನಿಂದ ಹೆಸರು ಕೊಟ್ಟವರು ಮೂರೇ ಜನ. ಅದರಲ್ಲಿ ನಾನೂ ಒಬ್ಬಳು. ನನಗೆ ಫೋಟೊಗ್ರಫಿ ಬರುತ್ತದೆ ಅಂತ ಅಲ್ಲ. ನನ್ನ ಹತ್ತಿರ ಆಗಲೇ ಒಂದು ಫೋಟೊ ಇತ್ತು, ಅದಕ್ಕೆ ಬಹುಮಾನ ಬಂದೇ ಬರುತ್ತದೆ ಅನ್ನೋ ಧೈರ್ಯ.

ಅದನ್ನು ನನ್ನಿವಾಳದ ನಮ್ಮ ಮನೆಯ ತಾರಸಿ ಮೇಲೆ ನಿಂತು ತೆಗೆದಿದ್ದೆ. ಒಣಗಿದ ಬಟ್ಟೆ ತರಲು ಹೋದವಳು ಬಟ್ಟೆ ಮರೆತು ನಿಂತೆ. ಗುಡ್ಡದಷ್ಟು ದೊಡ್ಡ ಮೋಡ. ಕೆಳಗೆ ಕಪ್ಪು, ಮೇಲೆ ಕಿತ್ತಳೆ ಬಣ್ಣ, ಅಂಚಿಗೆ ಬೆಂಕಿ ಹತ್ತಿದ ಹಾಗೆ. ಅಬ್ಬಾ ಅವರ ಹಳೆಯ ಫೋನ್ ಈಗ ನನ್ನದು. ಅದರಲ್ಲಿ ತೆಗೆದು, ಬಣ್ಣ ಸ್ವಲ್ಪ ಏರಿಸಿ ಸ್ಟೇಟಸ್‌ಗೆ ಹಾಕಿದೆ. ರಾತ್ರಿಯೊಳಗೆ ನೂರಕ್ಕೂ ಹೆಚ್ಚು ಜನ ನೋಡಿದ್ದರು. ಒಬ್ಬ ಗೆಳತಿ "ಇದು ಸ್ವಿಟ್ಜರ್ಲೆಂಡಾ?" ಅಂತ ಕೇಳಿದಳು. ಆಗ ಅದು ಹೊಗಳಿಕೆ ಅಂದುಕೊಂಡಿದ್ದೆ.

ಎರಡು ದಿನ ಕಳೆದ ಮೇಲೆ ನಮ್ಮ ಓಣಿಯ ತಾತ ಮನೆಗೆ ಬಂದರು. ಊರ ಹೊರಗೆ ಅವರದು ನಾಲ್ಕು ಎಕರೆ ಕೆಂಪು ಹೊಲ, ಶೇಂಗಾ ಹಾಕಿದ್ದರು. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೊ ಹಾಕಬೇಕಿತ್ತು. ಅವರ ಮಗ ಬೆಂಗಳೂರಿನಲ್ಲಿದ್ದಾನೆ. ಓಣಿಯಲ್ಲಿ ಇಂಥ ಕೆಲಸವೆಲ್ಲ ನನಗೇ ಬರುತ್ತದೆ. ಅಮ್ಮಿ, "ತಮ್ಮನ್ನ ಜೊತೆಗೆ ಕರ್ಕೊಂಡು ಹೋಗು" ಅಂದರು. ಹೋದೆವು. ಆ ಆ್ಯಪ್‌ಗೆ ರಸ್ತೆಯಲ್ಲಿ ನಿಂತು ತೆಗೆದರೆ ನಡೆಯುವುದಿಲ್ಲ. ಸರ್ವೆ ನಂಬರಿನ ಒಳಗೇ ನಿಲ್ಲಬೇಕು, ಜಿಪಿಎಸ್ ಒಪ್ಪಬೇಕು, ಆಮೇಲೆ ಬೆಳೆಯ ಫೋಟೊ. ತೆಗೆದು ಕಳಿಸಿದ ಮೇಲೆ ತಾತನಿಗೆ ತೋರಿಸಲು ಗ್ಯಾಲರಿ ತೆರೆದೆ. ಬೆರಳು ಸರಿದು ನನ್ನ ಮೋಡ ಬಂತು.

ತಾತ ಫೋನನ್ನು ಕೈಗೆ ತಗೊಂಡು ತುಂಬಾ ಹೊತ್ತು ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇದು ಎಲ್ಲಿ ಸುರೀತವ್ವ?" ಅಂದರು.

ನನಗೆ ಗೊತ್ತಿರಲಿಲ್ಲ. ನಮ್ಮೂರಲ್ಲಿ ಸುರಿದಿರಲಿಲ್ಲ ಅನ್ನುವುದಂತೂ ಇಬ್ಬರಿಗೂ ಗೊತ್ತಿತ್ತು.

"ಸಂಜೆ ಬಿಸಿಲು ಅದರ ಮೈಮ್ಯಾಲೆ ಬಿದ್ದೈತೆ ನೋಡು. ಅಂದ್ರೆ ಮೂಡಲಕ್ಕೈತೆ. ನಮ್ಮನ್ನ ದಾಟಿ ಹೋಗೈತೆ," ಅಂದು ಫೋನ್ ವಾಪಸ್ ಕೊಟ್ಟರು. ಬೇರೇನೂ ಹೇಳಲಿಲ್ಲ.

ಮನೆಗೆ ಬಂದು ಮತ್ತೆ ನೋಡಿದೆ. ಮುಂಗಾರಿನಲ್ಲಿ ಮೋಡಗಳು ನಮ್ಮ ಕಡೆ ಪಡುವಣದಿಂದ ಬಂದು ಮೂಡಣಕ್ಕೆ ಹೋಗುತ್ತವೆ. ಸಂಜೆಯ ಸೂರ್ಯ ಪಡುವಣದಲ್ಲಿ. ಹಾಗಾದರೆ ಮೋಡಕ್ಕೆ ಆ ಕಿತ್ತಳೆ ಬಣ್ಣ ಬಂದದ್ದೇ ಅದು ನಮ್ಮನ್ನು ಬಿಟ್ಟು ಹೋದದ್ದರಿಂದ. ನಾನು ಚೆಂದ ಅಂದುಕೊಂಡದ್ದು ಅದರ ಬೆನ್ನು. ಆ ಫೋಟೊದಲ್ಲಿ ಅದನ್ನು ಹೇಳುವಂಥದ್ದು ಏನೂ ಇರಲಿಲ್ಲ. ಊರಿಲ್ಲ, ಹೊಲವಿಲ್ಲ, ಒಂದು ಜಾಲಿ ಗಿಡ ಕೂಡ ಇಲ್ಲ. ಗೆಳತಿ ಸ್ವಿಟ್ಜರ್ಲೆಂಡ್ ಅಂದದ್ದು ಸರಿಯಾಗಿಯೇ ಇತ್ತು. ಆ್ಯಪ್‌ಗೆ ಕಳಿಸಿದ ಫೋಟೊದಲ್ಲಿ ಆಕಾಶವೇ ಇಲ್ಲ, ನನ್ನ ಫೋಟೊದಲ್ಲಿ ನೆಲವೇ ಇಲ್ಲ. ತಾತನಿಗೆ ಬೇಕಾದದ್ದು ಎರಡರ ನಡುವೆ ಎಲ್ಲೋ ಇತ್ತು.

ನಮ್ಮ ಶಾಲೆಯ ಸಮಾಜ ವಿಜ್ಞಾನದ ಪಾಠ ನಿಮಗೂ ನೆನಪಿರುತ್ತದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಆಗುಂಬೆಯಲ್ಲಿ, ಅತಿ ಕಡಿಮೆ ಮಳೆ ನಮ್ಮ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ. ಆಗುಂಬೆಯ ಮಳೆಯ ಫೋಟೊ ಬೇಕಾದಷ್ಟು ಸಿಗುತ್ತವೆ. ಕಡಿಮೆ ಮಳೆಯ ಫೋಟೊ ತೆಗೆಯುವುದು ಹೇಗೆ? ಇಲ್ಲದ್ದನ್ನು ಕ್ಯಾಮೆರಾ ಹಿಡಿಯುವುದಿಲ್ಲವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಅಬ್ಬಾ ನಮ್ಮನ್ನೆಲ್ಲ ಲಗೇಜ್ ಆಟೊದಲ್ಲಿ ಕೂರಿಸಿಕೊಂಡು ಹೋಗಿದ್ದರು. ಆ ಒಂದು ದಿನದ್ದೇ ಎಂಬತ್ತು ಫೋಟೊ ಇವೆ. ಮರುವರ್ಷ 2023ರಲ್ಲಿ ಮಳೆ ಕೈಕೊಟ್ಟಿತು. ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು, ನಮ್ಮದೂ ಅದರಲ್ಲಿತ್ತು. ಅಬ್ಬಾ ಅವರ ಆಟೊಗೆ ಶೇಂಗಾ ಚೀಲದ ಬಾಡಿಗೆಯೇ ಆಧಾರ. ಆ ವರ್ಷ ಚೀಲಗಳೇ ಇರಲಿಲ್ಲ, ಆಟೊದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಿತ್ತು. ಆಪಾಳ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ನಮ್ಮ ಜೀವನದಲ್ಲಿ ಅಷ್ಟೆಲ್ಲ ಮಾಡಿದ ಹವಾಮಾನದ ಒಂದೇ ಒಂದು ಫೋಟೊ ನಮ್ಮ ಮನೆಯ ಯಾವ ಫೋನಿನಲ್ಲೂ ಇಲ್ಲ.

ಈ ಗೊಂದಲವನ್ನು ನಮ್ಮ ಇಂಗ್ಲಿಷ್ ಉಪನ್ಯಾಸಕರ ಹತ್ತಿರ ಹೇಳಿದೆ. ಸರ್ ಬಿಡುವಿನ ಪೀರಿಯಡ್‌ನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಎರಡು ಫೋಟೊ ತೋರಿಸಿದರು. ಮೊದಲನೆಯದು ಬ್ರಯಾನ್ ಬ್ರೇಕ್ ಅನ್ನುವ ನ್ಯೂಜಿಲೆಂಡ್ ಛಾಯಾಗ್ರಾಹಕನದು. ಅವನ ಮುಂಗಾರು ಚಿತ್ರಗಳು 1961ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಬಂದವು. ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಮುಖ ಮೇಲೆತ್ತಿ ಮಳೆಗೆ ಒಡ್ಡಿದ್ದಾಳೆ. ಮುಂದೆ ದೊಡ್ಡ ನಿರ್ದೇಶಕಿಯಾದ ಅಪರ್ಣಾ ಸೇನ್ ಅವರೇ ಆ ಹುಡುಗಿ. ತುಂಬಾ ಚೆನ್ನಾಗಿದೆ ಅಂದೆ. ಆಮೇಲೆ ಸರ್ ಹೇಳಿದರು, ಅದು ಮಳೆ ಅಲ್ಲ, ಗಿಡಕ್ಕೆ ಹಾಕುವ ಕ್ಯಾನಿನಿಂದ ಮೇಲಿನಿಂದ ಸುರಿಸಿದ ನೀರು! ಇದು ಮೋಸವೋ ಅಲ್ಲವೋ ಅಂತ ಅಲ್ಲಿದ್ದವರೆಲ್ಲ ಜಗಳ ಆಡಿದೆವು. ನನಗೆ ಆ ಮುಖ ಈಗಲೂ ಇಷ್ಟ. ಆದರೆ ನನ್ನಿವಾಳದಲ್ಲಿ ಫೋಟೊಗೋಸ್ಕರ ಯಾರಾದರೂ ಒಂದು ಕೊಡ ನೀರು ತಲೆ ಮೇಲೆ ಸುರಿದುಕೊಂಡರೆ ನಮ್ಮಮ್ಮಿ ಸುಮ್ಮನೆ ಬಿಡುವುದಿಲ್ಲ.

ಎರಡನೆಯದು ಕಪ್ಪು ಬಿಳುಪು. 1936ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಆರ್ಥರ್ ರಾತ್‌ಸ್ಟೈನ್ ತೆಗೆದದ್ದು. ಮಳೆ ಇಲ್ಲದೆ ಹೊಲದ ಮಣ್ಣೆಲ್ಲ ಗಾಳಿಗೆ ಎದ್ದು ಹೋದ ಕಾಲ. ಒಬ್ಬ ರೈತ ಇಬ್ಬರು ಚಿಕ್ಕ ಗಂಡು ಮಕ್ಕಳ ಜೊತೆ ಧೂಳಿನಲ್ಲಿ ನಡೆಯುತ್ತಿದ್ದಾನೆ. ಪಕ್ಕದಲ್ಲಿ ಒಂದು ಹಳೆಯ ಗುಡಿಸಲು, ಮುರುಕಲು ಬೇಲಿ. ಹಿಂದೆ ಬಿದ್ದ ಚಿಕ್ಕ ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾನೆ. ಮೋಡವೂ ಇಲ್ಲ, ಆಕಾಶ ಯಾವುದು ಧೂಳು ಯಾವುದು ಅಂತ ಗೊತ್ತಾಗುವುದೂ ಇಲ್ಲ. ಆದರೆ ಗಾಳಿ ಯಾವ ಕಡೆಯಿಂದ, ಎಷ್ಟು ಜೋರಾಗಿ ಬೀಸುತ್ತಿದೆ ಅನ್ನುವುದು ಆ ಮೂವರ ಮೈಯಲ್ಲೇ ಕಾಣುತ್ತದೆ. ನನಗೆ ಆಷಾಢದ ನಮ್ಮೂರ ಗಾಳಿ ನೆನಪಾಯಿತು. ಬಸ್ ಇಳಿದು ಮನೆಗೆ ಹೋಗುವಾಗ ದುಪಟ್ಟಾ ಹಲ್ಲಲ್ಲಿ ಕಚ್ಚಿಕೊಂಡು, ಪುಸ್ತಕದ ಬ್ಯಾಗನ್ನು ಎದೆಗೆ ಹಿಡಿದುಕೊಂಡು ಬಗ್ಗಿ ನಡೆಯುತ್ತೇವಲ್ಲ, ಹಾಗೆ. ಹವಾಮಾನ ಇರುವುದು ಮೇಲೆ ಅಲ್ಲ, ಅದು ಬಂದು ತಾಗುವ ಜಾಗದಲ್ಲಿ. ಇದು ಅವತ್ತು ನನಗೆ ಹೊಳೆದದ್ದು. ಸರ್ ಹೇಳಿಕೊಟ್ಟದ್ದಲ್ಲ, ಅವರು ಅಷ್ಟರಲ್ಲಿ ಕ್ಲಾಸಿಗೆ ಹೋಗಿದ್ದರು.

ಮುಂದಿನ ಒಂದು ವಾರ ತಮ್ಮನನ್ನು ಎಳೆದುಕೊಂಡು ದಿನಾ ಸಂಜೆ ತಿರುಗಿದೆ. ಹೆಚ್ಚಿನವು ಕೆಟ್ಟವು. ಒಂದು ದಿನ ನಾಲ್ಕು ಹನಿ ಬಿದ್ದಾಗ ಓಡಿ ಹೋಗಿ ತೆಗೆದರೆ ಮಳೆಯೇ ಕಾಣಲಿಲ್ಲ. ಹಿಂದೆ ಬಿಳಿ ಆಕಾಶವಿದ್ದರೆ ಹನಿ ಅದರಲ್ಲೇ ಕರಗಿಹೋಗುತ್ತದೆ. ಹಿಂದೆ ಕಪ್ಪು ಬಾಗಿಲೋ ಮರದ ನೆರಳೋ ಇದ್ದು, ಬೆಳಕು ಆಚೆಯಿಂದ ಬಂದರೆ ಮಾತ್ರ ಗೆರೆಗಳು ಕಾಣುತ್ತವೆ. ಫೋನ್ ತಾನಾಗಿಯೇ ಎಲ್ಲವನ್ನೂ ಬೆಳಗಿಸಲು ನೋಡುತ್ತದೆ. ಮೋಡದ ಮೇಲೆ ಬೆರಳಿಟ್ಟು ಬೆಳಕು ಇಳಿಸಿದರೆ ಮೋಡ ಮೋಡದ ಹಾಗೆ ಬರುತ್ತದೆ. ಧೂಳೆಬ್ಬಿಸಿಕೊಂಡು ಬರುವ ದೇವರ ಎತ್ತುಗಳದ್ದೂ ತೆಗೆದೆ. ಚೆಂದ ಬಂತು. ಆದರೆ ಹೊರಗಿನಿಂದ ಕ್ಯಾಮೆರಾ ಹಿಡಿದು ಬಂದವರು ನಮ್ಮೂರ ಕಡೆ ಮೊದಲು ತೆಗೆಯುವುದೇ ಅದನ್ನು, ಬಿಟ್ಟೆ.

ಸ್ಪರ್ಧೆಯ ಕೊನೆಯ ದಿನಕ್ಕೆ ಮುಂಚಿನ ಭಾನುವಾರ, ನಾಲ್ಕು ಗಂಟೆ ಇರಬಹುದು. ತಾತ ಹೊಲದಲ್ಲಿದ್ದರು. ಶೇಂಗಾ ಹೂವು ಬಿಟ್ಟಿತ್ತು. ಶೇಂಗಾ ಗಿಡದ ಸಮಾಚಾರ ನಮ್ಮ ಟೌನ್ ಗೆಳತಿಯರಿಗೆ ಗೊತ್ತಿರಲಿಕ್ಕಿಲ್ಲ. ಹೂವು ಮೇಲೆ ಬಿಡುತ್ತದೆ, ಆಮೇಲೆ ಅದರಿಂದ ಒಂದು ಎಳೆ ಕೆಳಗಿಳಿದು ಮಣ್ಣೊಳಗೆ ಹೊಕ್ಕು ಅಲ್ಲಿ ಕಾಯಿ ಕಟ್ಟುತ್ತದೆ. ಮಣ್ಣು ಒಣಗಿ ಗಟ್ಟಿಯಾದರೆ ಎಳೆ ಒಳಗೆ ಹೋಗುವುದಿಲ್ಲ. ಗಿಡ ಹಸಿರಾಗಿಯೇ ಇರುತ್ತದೆ, ಕಾಯಿ ಇರುವುದಿಲ್ಲ. ತಾತ ಬಗ್ಗಿ ಹೆಬ್ಬೆರಳನ್ನು ಮಣ್ಣಿಗೆ ಒತ್ತಿ ನೋಡಿದರು. ಬೆರಳು ಹೋಗಲಿಲ್ಲ. ಎದ್ದು ನಿಂತರು. ದೂರದಲ್ಲಿ, ಬೇರೆ ಯಾವುದೋ ಊರಿನ ಹೊಲಗಳ ಮೇಲೆ, ಬೂದು ಪರದೆ ಇಳಿಬಿಟ್ಟ ಹಾಗೆ ಮಳೆ ಸುರಿಯುತ್ತಿತ್ತು. ಅದರ ಹಿಂದೆ ಬೆಳಕಿತ್ತು, ಆದ್ದರಿಂದ ಪರದೆ ಸ್ಪಷ್ಟವಾಗಿ ಕಾಣುತ್ತಿತ್ತು. ತಾತ ಹೆಗಲ ಮೇಲಿನ ಟವೆಲ್ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು.

ಎರಡು ಫೋಟೊ ತೆಗೆದೆ. ಮೊದಲನೆಯದರಲ್ಲಿ ಅವರ ಬೆನ್ನು. ಫೋನಿನ ಸದ್ದಿಗೆ ತಿರುಗಿದರು, ಎರಡನೆಯದರಲ್ಲಿ ಮುಖ. ಆ ಮುಖದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಾನು ಇದುವರೆಗೆ ತೆಗೆದದ್ದರಲ್ಲಿ ಅದೇ ಒಳ್ಳೆಯ ಫೋಟೊ ಅಂತ ಮಾತ್ರ ಹೇಳಬಲ್ಲೆ.

"ಕಾಲೇಜಿಗೆ ಕೊಡಲಾ ತಾತ?" ಅಂತ ಎರಡನ್ನೂ ತೋರಿಸಿದೆ.

"ಮುಖ ಬ್ಯಾಡವ್ವ. ಬೇಡೋರ ಥರ ಕಾಣ್ತೀನಿ."

ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳು ಏಕೆ ಹೇಳಲಿ, ಅವರಿಗೆ ಗೊತ್ತಾಗುವುದಾದರೂ ಹೇಗೆ ಅಂತಲೂ ಯೋಚಿಸಿದೆ. ಕಾಲೇಜಿನ ಗೋಡೆ ನೋಡಲು ತಾತ ಚಳ್ಳಕೆರೆಗೆ ಬರುತ್ತಾರಾ? ಅಬ್ಬಾನನ್ನು ಕೇಳಿದೆ. ಅವರು ಆಟೊ ಒರೆಸುತ್ತಿದ್ದರು. "2023ರಲ್ಲಿ ಕಂತು ಕಟ್ಟಕ್ಕೆ ಟೈಮ್ ಕೇಳೋಕೆ ಹೋಗಿದ್ದೆನಲ್ಲ ಬೇಟಾ, ಆವತ್ತು ಯಾರಾದ್ರೂ ನನ್ನ ಫೋಟೊ ತೆಗೆದಿದ್ರೆ?" ಅಂದರು. ನಾನು ಬೆನ್ನಿನ ಫೋಟೊ ಕೊಟ್ಟೆ. ಮುಖದ್ದನ್ನು ತಾತನ ಎದುರಿಗೇ ಅಳಿಸಿದೆ. ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಫಲಿತಾಂಶ ನಿಮಗೆ ಗೊತ್ತೇ ಇದೆ. ಬಸ್ ನಿಲ್ದಾಣದ ಕೆಸರಿನಲ್ಲಿ ಒಂದೇ ಛತ್ರಿಯಡಿ ನಿಂತ ಮೂವರ ಫೋಟೊಗೆ ಮೊದಲ ಬಹುಮಾನ ಬಂತು. ಸರಿಯಾಗಿಯೇ ಬಂತು. ಆ ಛತ್ರಿ ಯಾರ ಕಡೆಗೆ ಹೆಚ್ಚು ವಾಲಿದೆ ಅಂತ ಗಮನಿಸಿದ್ದೀರಾ? ನನ್ನದು ಕೊನೆಯ ಸಾಲಿನಲ್ಲಿತ್ತು. ಕೆಲವರು ಅದರ ಮುಂದೆ ನಿಂತು "ಇದರಲ್ಲಿ ಹವಾಮಾನ ಎಲ್ಲಿದೆ?" ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಪರದೆ ಪ್ರಿಂಟ್‌ನಲ್ಲಿ ಸ್ವಲ್ಪ ಮಸುಕಾಗಿತ್ತು.

ಇನ್ನೊಂದು ಫೋಟೊದ ವಿಷಯ ಹೇಳಬೇಕು. ನಮ್ಮ ಮನೆಯ ಉರ್ದುವಿನಲ್ಲಿ ಮಳೆಗೂ ಪಾನಿ, ನಲ್ಲಿ ನೀರಿಗೂ ಪಾನಿ. "ಪಾನಿ ಆಯಾ" ಅಂತ ಯಾರಾದರೂ ಕೂಗಿದರೆ ಕೊಡ ಹಿಡಿದು ಓಡಬೇಕೋ, ಬಟ್ಟೆ ತೆಗೆಯಲು ಓಡಬೇಕೋ ಒಂದು ಕ್ಷಣ ಗೊತ್ತಾಗುವುದಿಲ್ಲ. ಮಘಾ ಮಳೆಯ ಸಮಯದಲ್ಲಿ ಒಂದು ರಾತ್ರಿ ದಾದಿ ಹಾಗೆ ಕೂಗಿದರು. ನಡುರಾತ್ರಿ ನಲ್ಲಿ ಬರುವುದಿಲ್ಲ. ಎಲ್ಲರೂ ಬಾಗಿಲಿಗೆ ಬಂದೆವು. ಕರೆಂಟ್ ಹೋಗಿತ್ತು, ಸದ್ದು ಮಾತ್ರ ಕೇಳುತ್ತಿತ್ತು. ಕೈ ಚಾಚಿ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದೆ. ಬಂದದ್ದು ಕಪ್ಪಿನ ಮೇಲೆ ಬಿಳಿ ಬಿಳಿ ದೊಡ್ಡ ಚುಕ್ಕೆಗಳು. ಲೆನ್ಸಿನ ಹತ್ತಿರದ ಹನಿಗಳಿಗೆ ಫ್ಲ್ಯಾಶ್ ತಾಗಿದರೆ ಹಾಗೇ ಆಗುತ್ತದೆ. ನೆಲ ಇಲ್ಲ, ಆಕಾಶ ಇಲ್ಲ, ನಾನು ಇಷ್ಟು ಹೊತ್ತು ಹೇಳಿದ ಯಾವುದೂ ಇಲ್ಲ.

ಬೆಳಿಗ್ಗೆ ತಾತ ಕಾಲಿಗೆ ಕೆಸರು ಮೆತ್ತಿಕೊಂಡು ಹೊಲದಿಂದ ಬರುತ್ತಿದ್ದರು. ಸುಮ್ಮನೆ ತೋರಿಸಿದೆ.

"ಟೈಮು ಕಾಣ್ತೈತಾ ಇದರಾಗೆ?" ಅಂದರು.

ನೋಡಿ ಹೇಳಿದೆ, ಎರಡು ಗಂಟೆ ಹದಿನೇಳು ನಿಮಿಷ.

"ಹೂಂ, ಅದೇ ಹೊತ್ತು. ನಾನೂ ಎದ್ದಿದ್ದೆ. ಇದನ್ನ ನನ್ನ ಮಗಗೆ ಕಳಿಸವ್ವ," ಅಂದು ಅಲ್ಲೇ ನಿಂತು, ಅದು ಹೋಯಿತೋ ಇಲ್ಲವೋ ನೋಡಿಕೊಂಡು ಹೊರಟರು.