ಮನೆಯ ಬೆಲೆಯೂ ಮಗುವಿನ ಶಾಲೆಯೂ

ಅಮೆರಿಕದ ಟೆಕ್ಸಾಸ್ ರಾಜ್ಯದ ಸಾನ್ ಆಂಟೋನಿಯೊ ನಗರಕ್ಕೆ ಬಂದ ಪ್ರವಾಸಿಗರು ಮೊದಲು ಹುಡುಕಿಕೊಂಡು ಹೋಗುವುದು ಅಲಮೊವನ್ನು. 1836ರಲ್ಲಿ ಮೆಕ್ಸಿಕೊದ ಸೇನೆಯ ಎದುರು ಸಣ್ಣದೊಂದು ತುಕಡಿ ಹೋರಾಡಿ ಮಡಿದ ಜಾಗ ಅದು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ 'ರಿವರ್ ವಾಕ್'. ರಸ್ತೆಯ ಮಟ್ಟಕ್ಕಿಂತ ಕೆಳಗೆ ಹರಿಯುವ ಪುಟ್ಟ ನದಿ, ಎರಡೂ ದಡದಲ್ಲಿ ಮರಗಳ ನೆರಳು, ನೆರಳಿನಲ್ಲಿ ಹೋಟೆಲುಗಳು, ನೀರಿನ ಮೇಲೆ ಪ್ರವಾಸಿಗರ ದೋಣಿಗಳು. ಊರು ಹುಟ್ಟಿದ್ದು 1718ರಲ್ಲಿ. ಸ್ಪೇನಿನ ಪಾದ್ರಿಗಳ ಕಾಲದ, ಅಲಮೊವೂ ಸೇರಿದ ಐದು 'ಮಿಷನ್'ಗಳು 2015ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಿಸಿಬಿಸಿ ಟೋರ್ಟಿಯಾ ತಿಂದವರಿಗೆ ಊರಿನ ರೊಟ್ಟಿಯ ನೆನಪಾಗುವುದೂ ಉಂಟು.

ಇಷ್ಟು ನೋಡಿ ಹಿಂದಿರುಗಿದರೆ ಸಾನ್ ಆಂಟೋನಿಯೊ ನೋಡಿದಂತೆಯೇ. ಆದರೆ ಈ ಊರಿನ ಇನ್ನೊಂದು ಕಥೆ ಯಾವ ಪ್ರವಾಸಿ ನಕಾಶೆಯಲ್ಲೂ ಇಲ್ಲ. ಅದು ಶಾಲೆಗಳ ಕಥೆ. ಅದನ್ನು ತಿಳಿಯಲು ಎರಡು ದಿಕ್ಕಿಗೆ ಹೋಗಬೇಕು.

ನಗರದ ನಡುವಿನಿಂದ ಬ್ರಾಡ್‌ವೇ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ವಿಟ್ಟೆ ವಸ್ತುಸಂಗ್ರಹಾಲಯ, ಬ್ರ್ಯಾಕನ್‌ರಿಜ್ ಉದ್ಯಾನ ದಾಟಿ ಅಲಮೊ ಹೈಟ್ಸ್ ಸಿಗುತ್ತದೆ. ಸುತ್ತಲೂ ಸಾನ್ ಆಂಟೋನಿಯೊ ಇದ್ದರೂ ಇದು 1922ರಿಂದ ತನ್ನದೇ ಪುರಸಭೆ ಇರುವ ಬೇರೆ ಊರು. ಹಳೆಯ ಓಕ್ ಮರಗಳು, ಒಪ್ಪವಾಗಿ ಕತ್ತರಿಸಿದ ಹುಲ್ಲು, ರಸ್ತೆಯಿಂದ ದೂರಕ್ಕೆ ಸರಿದು ನಿಂತ ದೊಡ್ಡ ಮನೆಗಳು. ಅದೇ ನಗರದ ನಡುವಿನಿಂದ ಪಶ್ಚಿಮಕ್ಕೆ ಹೊರಟರೆ ರೈಲು ಹಳಿ ದಾಟಿದೊಡನೆ ನೋಟ ಬದಲಾಗುತ್ತದೆ. ಚಿಕ್ಕ ಚಿಕ್ಕ ಮನೆಗಳು, ಸ್ಪ್ಯಾನಿಷ್ ಬೋರ್ಡಿನ ಬೇಕರಿಗಳು, ಟೈರ್ ಅಂಗಡಿಗಳು, ಗೋಡೆಗಳ ಮೇಲೆ ಬಣ್ಣಬಣ್ಣದ ಚಿತ್ರಗಳು. ಇನ್ನೂ ಮುಂದೆ ಹೋದರೆ ಎಜ್‌ವುಡ್. ಮೆಕ್ಸಿಕೊ ಮೂಲದ ಕುಟುಂಬಗಳು ತಲೆಮಾರುಗಳಿಂದ ಬಾಳುತ್ತಿರುವ ಬಡಾವಣೆ. ಅಲಮೊ ಹೈಟ್ಸ್‌ನಿಂದ ಎಜ್‌ವುಡ್‌ಗೆ ಕಾರಿನಲ್ಲಿ ಅರ್ಧ ಗಂಟೆಯೂ ಆಗದು. ಈ ಅರ್ಧ ಗಂಟೆಯ ದಾರಿ ಒಮ್ಮೆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು.

ಶಾಲೆಗೊಂದು ಸರ್ಕಾರ

ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟರಿಗೆ ಸಂಬಳ ಕೊಡುವುದು ರಾಜ್ಯ ಸರ್ಕಾರ. ಹಳ್ಳಿಯ ಮನೆಗಳು ದೊಡ್ಡವೋ ಚಿಕ್ಕವೋ, ಮೇಷ್ಟರ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳಲ್ಲಿ ಪೋಷಕರು ಕೂರುತ್ತಾರೆ, ಆದರೆ ತೆರಿಗೆ ಹಾಕುವ ಅಧಿಕಾರ ಅವರಿಗಿಲ್ಲ. ನಗರಗಳಲ್ಲಿ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ ಕಟ್ಟುವುದುಂಟು. ಶಾಲೆಯನ್ನೇ ಮನೆ ಕಂದಾಯದಿಂದ ನಡೆಸುವ ರೂಢಿ ನಮಗೆ ಹೊಸದು.

ಅಮೆರಿಕದ ಬಹುಭಾಗದಲ್ಲಿ ಅದೇ ರೂಢಿ. ಟೆಕ್ಸಾಸ್‌ನಲ್ಲಿ 'ಸ್ವತಂತ್ರ ಶಾಲಾ ಜಿಲ್ಲೆ' ಎಂಬುದಿದೆ. ಹೆಸರಿಗೆ ಜಿಲ್ಲೆ; ನಮ್ಮ ಜಿಲ್ಲೆಯಷ್ಟು ದೊಡ್ಡದಲ್ಲ. ಸಾನ್ ಆಂಟೋನಿಯೊ ಒಂದರ ಸುತ್ತಮುತ್ತಲೇ ಇಂಥ ಹತ್ತಕ್ಕೂ ಹೆಚ್ಚು ಜಿಲ್ಲೆಗಳಿವೆ. ಪ್ರತಿಯೊಂದಕ್ಕೂ ಜನ ಓಟು ಹಾಕಿ ಆರಿಸಿದ ಮಂಡಳಿ. ಸದಸ್ಯರಿಗೆ ಸಂಬಳವಿಲ್ಲ. ಶಾಲೆಗಳ ಆಡಳಿತ ನೋಡಿಕೊಳ್ಳುವ ಮುಖ್ಯಾಧಿಕಾರಿಯನ್ನು ನೇಮಿಸುವವರು, ವರ್ಷದ ಬಜೆಟ್ಟಿಗೆ ಒಪ್ಪಿಗೆ ಕೊಡುವವರು, ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ನೂರು ಡಾಲರಿಗೆ ಇಷ್ಟು ಎಂದು ತೆರಿಗೆಯ ದರ ಗೊತ್ತುಮಾಡುವವರು ಇವರೇ. ಆಸ್ತಿಯ ಬೆಲೆ ಕಟ್ಟುವುದು ಮಾತ್ರ ಬೇರೊಂದು ಕಚೇರಿಯ ಕೆಲಸ.

ತೆರಿಗೆಯಲ್ಲಿ ಎರಡು ಭಾಗ. ಒಂದು ದಿನನಿತ್ಯದ ಖರ್ಚಿಗೆ: ಸಂಬಳ, ದೀಪ, ಬಸ್ಸು. ಇನ್ನೊಂದು ಕಟ್ಟಡದ ಸಾಲ ತೀರಿಸಲು. ಹೊಸ ಕಟ್ಟಡಕ್ಕೆ ಸಾಲಪತ್ರ ಹೊರಡಿಸಬೇಕಾದರೆ ಜನರ ಮುಂದೆ ಹೋಗಿ ಓಟು ಕೇಳಬೇಕು. ಬಜೆಟ್ಟಿನ ಸಭೆಗೆ ಮೊದಲೇ ಪ್ರಕಟಣೆ ಕೊಡಬೇಕು, ಬಾಗಿಲು ತೆರೆದಿರಬೇಕು. ಬಂದವರು ಎದ್ದುನಿಂತು ಮಾತಾಡಬಹುದು. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಹತ್ತಿರದ ಮೆಟ್ಟಿಲು ಬೇರೊಂದಿಲ್ಲ ಎಂದು ಅಲ್ಲಿಯವರು ಹೆಮ್ಮೆಪಡುವುದು ಸುಮ್ಮನೆ ಅಲ್ಲ.

ಆದರೆ ಒಂದು ತೊಡಕು. ಕೆರೆಯಲ್ಲಿ ನೀರಿದ್ದರೆ ತಾನೇ ತೂಬು ಎತ್ತುವುದು?

1968ರ ಮೇ 16

ಎಜ್‌ವುಡ್‌ನ ಕೆರೆಯಲ್ಲಿ ನೀರಿರಲಿಲ್ಲ. ಅಲ್ಲಿ ಇದ್ದದ್ದು ಹೆಚ್ಚಾಗಿ ಬಡವರ ಮನೆಗಳು. ದೊಡ್ಡ ವ್ಯಾಪಾರವಿಲ್ಲ, ಕಾರ್ಖಾನೆಗಳಿಲ್ಲ. ಹತ್ತಿರದ ಕೆಲ್ಲಿ ವಾಯುನೆಲೆ ಸಾವಿರಾರು ಜನಕ್ಕೆ ಅನ್ನ ಕೊಡುತ್ತಿತ್ತು ನಿಜ. ಆದರೆ ಅದು ಕೇಂದ್ರ ಸರ್ಕಾರದ ಆಸ್ತಿ; ಅದರ ಮೇಲೆ ಶಾಲೆ ತೆರಿಗೆ ಹಾಕುವಂತಿರಲಿಲ್ಲ.

1968ರ ಮೇ 16ರಂದು ಎಜ್‌ವುಡ್ ಹೈಸ್ಕೂಲಿನ ಸುಮಾರು 400 ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಗೆ ಬಂದರು. ಶಾಲಾ ಜಿಲ್ಲೆಯ ಮುಖ್ಯಾಧಿಕಾರಿಯ ಕಚೇರಿಗೆ ಮೆರವಣಿಗೆ ಹೊರಟರು. ಅವರು ಕೇಳಿದ್ದು ದೊಡ್ಡದೇನೂ ಅಲ್ಲ. ಒಡೆದ ಕಿಟಕಿ, ಕೆಟ್ಟ ಶೌಚಾಲಯ ಸರಿಯಾಗಲಿ, ಅರ್ಹತೆ ಇರುವ ಅಧ್ಯಾಪಕರು ಬರಲಿ ಎಂದು. ಆಗ ಎಜ್‌ವುಡ್‌ನ ಅಧ್ಯಾಪಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ತಾತ್ಕಾಲಿಕ ಪರವಾನಗಿಯ ಮೇಲೆ ಪಾಠ ಹೇಳುತ್ತಿದ್ದರು.

ಮಕ್ಕಳ ಈ ನಡಿಗೆ ಹೆತ್ತವರ ಕಣ್ಣು ತೆರೆಸಿತು. ಅವರಲ್ಲಿ ಒಬ್ಬರು ಡೆಮೆಟ್ರಿಯೊ ರೊಡ್ರಿಗೆಸ್. ಕೆಲ್ಲಿ ನೆಲೆಯಲ್ಲಿ ಲೋಹದ ತಗಡಿನ ಕೆಲಸ ಮಾಡುತ್ತಿದ್ದವರು, ಹಿಂದೆ ಸೇನೆಯಲ್ಲೂ ದುಡಿದವರು. ಅವರ ಮಕ್ಕಳು ಓದುತ್ತಿದ್ದ ಶಾಲೆ ಶಿಥಿಲವಾಗಿತ್ತು. ರೊಡ್ರಿಗೆಸ್ ಮತ್ತು ಇತರ ಪೋಷಕರು ಆರ್ಥರ್ ಗಾಕ್‌ಮನ್ ಎಂಬ ವಕೀಲರ ಬಳಿಗೆ ಹೋದರು. ಹಣ ನುಂಗಿದವರು ಯಾರು ಎಂದು ಪತ್ತೆ ಮಾಡಬೇಕೆಂಬುದು ಅವರ ಮೊದಲ ಯೋಚನೆ. ತಪ್ಪು ಮನುಷ್ಯರದ್ದಕ್ಕಿಂತ ವ್ಯವಸ್ಥೆಯದ್ದು ಎಂದು ವಕೀಲರು ವಿವರಿಸಿದರು. ಅದೇ ವರ್ಷ ದಾವೆ ಹೂಡಲಾಯಿತು.

ಲೆಕ್ಕದ ಪುಸ್ತಕ

ದಾವೆಯ ಕಡತದಲ್ಲಿದ್ದ 1967–68ರ ಲೆಕ್ಕ ಯಾವ ಭಾಷಣಕ್ಕಿಂತಲೂ ಗಟ್ಟಿಯಾಗಿ ಮಾತಾಡುತ್ತದೆ. ಗಣಿತದ ಪುಸ್ತಕ ಮುಚ್ಚಿಟ್ಟ ವಿದ್ಯಾರ್ಥಿಗಳೂ ಇದನ್ನು ಒಮ್ಮೆ ನೋಡಬೇಕು.

ಎಜ್‌ವುಡ್‌ನಲ್ಲಿ 25 ಶಾಲೆಗಳು, ಸುಮಾರು 22,000 ಮಕ್ಕಳು. ಜಿಲ್ಲೆಯ ಒಟ್ಟು ಆಸ್ತಿಯ ಬೆಲೆಯನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಮಗುವಿಗೆ 5,960 ಡಾಲರು. ತೆರಿಗೆಯ ದರ ನೂರು ಡಾಲರಿಗೆ 1.05. ರಾಜ್ಯದ ಕನಿಷ್ಠ ಯೋಜನೆಗೆ ತನ್ನ ಪಾಲು ಕಟ್ಟಿದ ಮೇಲೆ ಜಿಲ್ಲೆಯ ಕೈಯಲ್ಲಿ ಉಳಿದದ್ದು ಮಗುವಿಗೆ 26 ಡಾಲರು. ರಾಜ್ಯ ಕೊಟ್ಟದ್ದು 222, ಕೇಂದ್ರ ಕೊಟ್ಟದ್ದು 108. ಒಟ್ಟು 356 ಡಾಲರು.

ಅಲಮೊ ಹೈಟ್ಸ್‌ನಲ್ಲಿ 6 ಶಾಲೆಗಳು, ಸುಮಾರು 5,000 ಮಕ್ಕಳು. ಮಗುವೊಂದಕ್ಕೆ ಆಸ್ತಿಯ ಬೆಲೆ 49,000 ಡಾಲರಿಗೂ ಹೆಚ್ಚು. ತೆರಿಗೆಯ ದರ ಬರೀ 85 ಸೆಂಟು. ತನ್ನ ಪಾಲು ಕಟ್ಟಿದ ಮೇಲೂ ಕೈಯಲ್ಲಿ ಉಳಿದದ್ದು 333. ರಾಜ್ಯದ್ದು 225, ಕೇಂದ್ರದ್ದು 36. ಒಟ್ಟು 594 ಡಾಲರು.

ಎಂದರೆ ಬಡವರು ಹೆಚ್ಚು ದರದಲ್ಲಿ ತೆರಿಗೆ ಕಟ್ಟಿ ಕಡಿಮೆ ಪಡೆದರು; ಉಳ್ಳವರು ಕಡಿಮೆ ದರದಲ್ಲಿ ಕಟ್ಟಿ ಹೆಚ್ಚು ಪಡೆದರು. ಅಂತರವನ್ನು ತುಂಬಬೇಕಿದ್ದ ರಾಜ್ಯವೇ ಅಲಮೊ ಹೈಟ್ಸ್‌ಗೆ ಮೂರು ಡಾಲರು ಹೆಚ್ಚು ಕೊಟ್ಟಿತ್ತು. ಎಜ್‌ವುಡ್‌ನ ಮಂಡಳಿ ಎಷ್ಟೇ ಪ್ರಾಮಾಣಿಕವಾಗಿ ಸಭೆ ಸೇರಿ ಕೈ ಎತ್ತಿದರೂ ಈ ಲೆಕ್ಕ ಬದಲಾಗುವಂತಿರಲಿಲ್ಲ.

ಐದು ಮತ್ತು ನಾಲ್ಕು

1971ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಪೋಷಕರ ಪರವಾಗಿ ತೀರ್ಪು ಕೊಟ್ಟಿತು. ಟೆಕ್ಸಾಸ್ ಮೇಲ್ಮನವಿ ಹೋಯಿತು. 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಅದನ್ನು ತಳ್ಳಿಹಾಕಿದರು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕು ಎಂದು ಹೇಳಿಲ್ಲ, ಊರಿನ ಶಾಲೆಯನ್ನು ಊರಿನವರೇ ನಡೆಸಿಕೊಳ್ಳುವ ಪದ್ಧತಿಗೆ ತನ್ನದೇ ಬೆಲೆ ಇದೆ ಎಂಬುದು ಅವರ ವಾದದ ತಿರುಳು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪವೆಲ್ ಸ್ವತಃ ರಿಚ್ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಭಿನ್ನಮತ ಬರೆದವರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್. ಕಪ್ಪು ಬಿಳಿ ಮಕ್ಕಳನ್ನು ಬೇರೆ ಬೇರೆ ಕೂರಿಸುವುದು ಸಲ್ಲದೆಂದು 1954ರಲ್ಲಿ ತೀರ್ಪಾದ ಮೊಕದ್ದಮೆಯಲ್ಲಿ ವಾದಿಸಿ ಗೆದ್ದಿದ್ದ ವಕೀಲ ಅವರೇ.

ಮೊಕದ್ದಮೆಯ ಹೆಸರಿನಲ್ಲೇ ಒಂದು ವಿಚಿತ್ರವಿದೆ. ಅದು 'ಸಾನ್ ಆಂಟೋನಿಯೊ ಶಾಲಾ ಜಿಲ್ಲೆ ವಿರುದ್ಧ ರೊಡ್ರಿಗೆಸ್'. ಮೊದಲು ಪ್ರತಿವಾದಿಯಾಗಿದ್ದ ಆ ಜಿಲ್ಲೆಯನ್ನು ಕೋರ್ಟು ಕೈಬಿಟ್ಟಿತು. ಆಮೇಲೆ ಅದು ಪೋಷಕರ ವಾದಕ್ಕೇ ಬೆಂಬಲವಾಗಿ ನಿಂತಿತು. ಆದರೂ ಕಾನೂನಿನ ಪುಸ್ತಕದಲ್ಲಿ ಎದುರಾಳಿಯಾಗಿಯೇ ಉಳಿದಿದೆ.

ಬಡವರು ಮತ್ತೊಮ್ಮೆ ಸೋತರು ಎಂದು ರೊಡ್ರಿಗೆಸ್ ಪತ್ರಕರ್ತರ ಮುಂದೆ ನೊಂದು ನುಡಿದರು. ಈ ಪ್ರಶ್ನೆಗೆ ನಮ್ಮ ದೇಶ ಬೇರೆ ಉತ್ತರ ಕೊಟ್ಟದ್ದನ್ನು ಇಲ್ಲಿ ನೆನೆಯಬಹುದು. 1992ರಲ್ಲಿ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಕ್ಯಾಪಿಟೇಷನ್ ಶುಲ್ಕದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಶಿಕ್ಷಣ ಹಕ್ಕು ಎಂದು ಸಾರಿತು. 2002ರ ತಿದ್ದುಪಡಿ ಅದನ್ನು 6ರಿಂದ 14 ವರ್ಷದ ಮಕ್ಕಳಿಗೆ ಸಂವಿಧಾನದಲ್ಲೇ ಬರೆಯಿತು. ಹಕ್ಕನ್ನು ಬರೆದದ್ದರಿಂದಲೇ ಶಾಲೆಯ ಸೂರು ಸೋರುವುದು ನಿಲ್ಲುವುದಿಲ್ಲ ಎಂಬುದೂ ನಮಗೆ ಗೊತ್ತಿರುವ ಮಾತೇ.

ರಾಬಿನ್ ಹುಡ್ ಬಂದ

ಎಜ್‌ವುಡ್ ಅಲ್ಲಿಗೆ ಬಿಡಲಿಲ್ಲ. 1984ರಲ್ಲಿ ಮತ್ತೆ ದಾವೆ ಹೂಡಿತು. ಈ ಸಲ ಆಧಾರ ದೇಶದ ಸಂವಿಧಾನವಲ್ಲ, ಟೆಕ್ಸಾಸ್ ರಾಜ್ಯದ ಸಂವಿಧಾನ. ರಾಜ್ಯದ ಅತಿ ಸಿರಿವಂತ ಜಿಲ್ಲೆಯಲ್ಲಿ ಮಗುವಿಗೆ 1 ಕೋಟಿ 40 ಲಕ್ಷ ಡಾಲರಿನ ಆಸ್ತಿ, ಅತಿ ಬಡ ಜಿಲ್ಲೆಯಲ್ಲಿ ಸುಮಾರು 20,000. ಏಳುನೂರು ಪಟ್ಟು ಅಂತರ! 1989ರ ಅಕ್ಟೋಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಇದು ಸಲ್ಲದು ಎಂದರು.

ಹಲವು ಯತ್ನಗಳು ಮುರಿದುಬಿದ್ದ ಮೇಲೆ 1993ರಲ್ಲಿ ಒಂದು ಕಾನೂನು ನಿಂತಿತು. ಮಿತಿಗಿಂತ ಹೆಚ್ಚು ಆಸ್ತಿ ಇರುವ ಜಿಲ್ಲೆಗಳು ತಮ್ಮ ತೆರಿಗೆಯಲ್ಲಿ ಒಂದು ಪಾಲನ್ನು ಉಳಿದ ಜಿಲ್ಲೆಗಳಿಗಾಗಿ ಬಿಟ್ಟುಕೊಡಬೇಕು. ಜನ ಅದಕ್ಕೆ 'ರಾಬಿನ್ ಹುಡ್' ಎಂದು ಅಡ್ಡಹೆಸರಿಟ್ಟರು. ಅಲಮೊ ಹೈಟ್ಸ್ ಹಣ ಕೊಡುವ ಸಾಲಿಗೆ ಸೇರಿತು. ನಾವು ಕಟ್ಟಿದ ತೆರಿಗೆ ನಮ್ಮ ಮಕ್ಕಳಿಗೇ ಸಿಗದಿದ್ದರೆ ಹೇಗೆ ಎಂಬ ಅಸಮಾಧಾನ ಇಂಥ ಜಿಲ್ಲೆಗಳಲ್ಲಿ ಸಹಜ. ನೆರೆಯ ಮಗುವೂ ಇದೇ ರಾಜ್ಯದ ಮಗು ತಾನೇ ಎಂಬುದು ಎದುರು ಪ್ರಶ್ನೆ. ಎರಡಕ್ಕೂ ಮುಖ ಕೊಟ್ಟು ಮಾತಾಡಬೇಕಾದವರು ಬಜೆಟ್ ಸಭೆಯಲ್ಲಿ ಕೂತ ಮಂಡಳಿಯವರೇ.

ಈಗಿನ ಎಜ್‌ವುಡ್

ಹಣದ ಅಂತರ ಮೊದಲಿನಷ್ಟಿಲ್ಲ. ಆದರೆ ಹಣ ಬಂದರೆ ಸಾಲದು, ಅದನ್ನು ನಡೆಸುವವರೂ ಸರಿಯಿರಬೇಕು ಎಂಬ ಪಾಠವನ್ನೂ ಎಜ್‌ವುಡ್ ಕಲಿಯಬೇಕಾಯಿತು. ಮಂಡಳಿಯ ಒಳಜಗಳ ಮಿತಿಮೀರಿ 2016ರಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಚುನಾಯಿತ ಸದಸ್ಯರನ್ನು ಬದಿಗಿಟ್ಟು ತಾನೇ ಆಡಳಿತಗಾರರನ್ನು ನೇಮಿಸಿತು. ಓಟಿನಿಂದ ಬಂದ ಮಂಡಳಿ ಅಧಿಕಾರಕ್ಕೆ ಮರಳಲು ಕೆಲವು ವರ್ಷಗಳೇ ಬೇಕಾದವು.

ಕೆಲ್ಲಿ ವಾಯುನೆಲೆ 2001ರಲ್ಲಿ ಮುಚ್ಚಿತು. 22,000 ಇದ್ದ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ. ರಾಜ್ಯದ ಹಣ ಹಾಜರಾತಿಯನ್ನು ಅನುಸರಿಸಿ ಬರುತ್ತದೆ. ಮಕ್ಕಳು ಕಡಿಮೆಯಾದರೆ ಹಣವೂ ಕಡಿಮೆ. ಈ ಕಷ್ಟ ಎಜ್‌ವುಡ್ ಒಂದರದ್ದಲ್ಲ. ನೆರೆಯ ಸಾನ್ ಆಂಟೋನಿಯೊ ಶಾಲಾ ಜಿಲ್ಲೆಯ ಮಂಡಳಿ 2023ರ ನವೆಂಬರಿನಲ್ಲಿ 15 ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಇತ್ತ 2025ರ ನವೆಂಬರಿನಲ್ಲಿ ಟೆಕ್ಸಾಸ್‌ನ ಮತದಾರರು ಸ್ವಂತ ಮನೆಯಲ್ಲಿ ವಾಸಿಸುವವರ ಮನೆಯ ಬೆಲೆಯಲ್ಲಿ 1,40,000 ಡಾಲರಿನಷ್ಟಕ್ಕೆ ಶಾಲಾ ತೆರಿಗೆಯಿಂದ ವಿನಾಯಿತಿ ಕೊಟ್ಟರು. ಎರಡು ಲಕ್ಷ ಡಾಲರಿನ ಮನೆಗೆ ಇನ್ನು ಅರವತ್ತು ಸಾವಿರದ ಮೇಲಷ್ಟೇ ತೆರಿಗೆ. ಮನೆಯವರ ಹೊರೆ ಇಳಿಯಿತು. ಕೊರತೆ ತುಂಬುವ ಹೊಣೆ ರಾಜ್ಯದ ಬೊಕ್ಕಸಕ್ಕೆ ಬಿತ್ತು.

ಡೆಮೆಟ್ರಿಯೊ ರೊಡ್ರಿಗೆಸ್ 2013ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಕ್ಕಳು ಶಾಲೆ ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ ಬಂದ ಕಾನೂನು ಆ ಮಕ್ಕಳಿಗೆ ಉಪಯೋಗಕ್ಕೆ ಬರಲಿಲ್ಲ. ಬಂದದ್ದು ಬೇರೆಯವರ ಮಕ್ಕಳಿಗೆ.

ಸಾನ್ ಆಂಟೋನಿಯೊಗೆ ಹೋಗುವವರು ಅಲಮೊವನ್ನು ನೋಡಲಿ, ನದಿಯ ದಂಡೆಯಲ್ಲೂ ಓಡಾಡಲಿ. ಬಿಡುವಿದ್ದರೆ ಒಂದು ಸಂಜೆ ಪಶ್ಚಿಮದ ಕಡೆಗೂ ಹೋಗಿ ಬರಲಿ. ಅಲ್ಲಿ ಯಾವುದಾದರೂ ಶಾಲಾ ಮಂಡಳಿಯ ಸಭೆ ನಡೆಯುತ್ತಿದ್ದರೆ ಬಾಗಿಲು ತೆರೆದೇ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಕೇಳಬಹುದು. ಬಸ್ಸಿನ ಖರ್ಚು, ಸೋರುವ ಸೂರು, ಅಧ್ಯಾಪಕರ ಸಂಬಳ, ನೂರು ಡಾಲರಿಗೆ ಎಷ್ಟು ಸೆಂಟು ಎಂಬ ಚರ್ಚೆ. ಕೇಳಲು ಸಪ್ಪೆ. ಆದರೆ 400 ಮಕ್ಕಳು ಬಿಸಿಲಿನಲ್ಲಿ ನಡೆದು ಹೋಗಿ ಕೇಳಿದ್ದು ಇವೇ ಸಪ್ಪೆ ಸಂಗತಿಗಳನ್ನು.