ಬಂದೂಕಿನ ಒದೆ

ಹೊಡೆದವನಿಗೂ ಪೆಟ್ಟು ಬೀಳುತ್ತದೆಂಬ ಸತ್ಯವನ್ನು ನಾನು ಕಲಿತದ್ದು ಯಾವ ನೀತಿಗ್ರಂಥದಿಂದಲೂ ಅಲ್ಲ. ನನ್ನ ಸೋದರಮಾವನ ಬಲಹೆಗಲಿನಿಂದ.

ಬೈಲಹೊಂಗಲ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಗೆ ಅವರ ಹೊಲ. ಗೋವಿನಜೋಳದ ತೆನೆ ಹಾಲುಗಾಳಿಗೆ ಬಂದಿತೆಂದರೆ ಕಾಡುಹಂದಿಗಳಿಗೆ ಆಮಂತ್ರಣವೇ ಬೇಕಿಲ್ಲ. ಪೈರು ಕಾಯಲೆಂದು ಪರವಾನಗಿ ಪಡೆದ ಒಂಟಿನಳಿಗೆಯ ಹಳೆಯ ಬಂದೂಕು ಅವರಲ್ಲಿತ್ತು. ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಕಬ್ಬಿಣದ ಸರಳಿನಿಂದ ಜಡಿಯಬೇಕಾದ ಪುರಾತನ ಯಂತ್ರ. ನನಗಾಗ ಹತ್ತು ವರ್ಷ. ಒಂದು ರಾತ್ರಿ ಅವಸರದಲ್ಲಿ ಮದ್ದು ತುಸು ಹೆಚ್ಚಾಯಿತು. ಹಂದಿಗಳನ್ನು ಬೆದರಿಸಲು ಮಾವ ಆಕಾಶದತ್ತ ಹಾರಿಸಿದರು. ಹಂದಿಗಳೇನೋ ಓಡಿದವು, ಮಾವ ಎರಡು ಹೆಜ್ಜೆ ಹಿಂದೆ ಸರಿದು ಕುಳಿತೇಬಿಟ್ಟರು. ಪಕ್ಕದಲ್ಲಿದ್ದ ನಾನು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು ಅತ್ತೆ.

ಮರುದಿನ ಅತ್ತೆ ಅವರ ಹೆಗಲಿಗೆ ಉಪ್ಪಿನ ಶಾಖ ಕೊಡುತ್ತಿದ್ದಾಗ ಮಾವ ನನಗೆ ಕಿತ್ತೂರಿನ ಕಥೆ ಹೇಳಿದರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದದ್ದು ನಮ್ಮ ಅಮಟೂರು ಬಾಳಪ್ಪನ ಗುಂಡಿಗೆ ಎಂಬುದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ನಾನು ಕೇಳಿದೆ:

“ಮಾಮಾ, ಬಾಳಪ್ಪಗೂ ಹೆಗಲ ಬ್ಯಾನಿ ಆಗಿತ್ತೇನ್ರಿ?”

ಮಾವ ನಕ್ಕರು. “ಆಗಿರಲಾರದ ಏನು! ಖರೆ, ಅಂವ ಯಾರಿಗೂ ಹೇಳಿರಲಿಕ್ಕಿಲ್ಲ.”

ಇತ್ತೀಚೆಗೆ ಬೇಟೆಯ ರೈಫಲುಗಳ ವಿಷಯವಾಗಿ ಓದುತ್ತಿದ್ದಾಗ ಈ ಒದೆಗೂ ಮದ್ದುಂಟೆಂದು ತಿಳಿಯಿತು. ಅದರ ಹೆಸರು ಮಝಲ್ ಬ್ರೇಕ್. ನಳಿಗೆಯ ತುದಿಗೆ ತಿರುಪಿ ಕೂರಿಸುವ, ಬೇಡವಾದಾಗ ಕಳಚಬಹುದಾದ ಒಂದು ಸಣ್ಣ ಕೊಳವೆ. ಮೈಯಲ್ಲಿ ಅಡ್ಡ ರಂಧ್ರಗಳು. ಗುಂಡಿನ ಬೆನ್ನಿಗೇ ಮುನ್ನುಗ್ಗುವ ಬಿಸಿ ಅನಿಲವೂ ಬಂದೂಕನ್ನು ಹಿಂದಕ್ಕೆ ತಳ್ಳುತ್ತದೆಯಷ್ಟೆ. ಆ ಅನಿಲವನ್ನು ರಂಧ್ರಗಳು ಪಕ್ಕಕ್ಕೂ ತುಸು ಹಿಂದಕ್ಕೂ ತಿರುಗಿಸುತ್ತವೆ. ಹೆಗಲಿಗೆ ಬೀಳುವ ಪೆಟ್ಟು ಅಷ್ಟರಮಟ್ಟಿಗೆ ತಗ್ಗುತ್ತದೆ. ನ್ಯೂಟನ್ನನ ನಿಯಮವನ್ನು ಯಾರೂ ಮೀರಿಲ್ಲ; ಅದರ ದಿಕ್ಕನ್ನು ಬದಲಿಸಿದ್ದಾರೆ, ಅಷ್ಟೆ.

ಆದರೆ ಅನಿಲದೊಡನೆ ಸದ್ದೂ ಪಕ್ಕಕ್ಕೆ ತಿರುಗುತ್ತದೆ. ಬಂದೂಕಿನ ಸದ್ದು ಮೊದಲೇ 140 ಡೆಸಿಬೆಲ್ಲನ್ನು ಮೀರಿದ್ದು, ಕಿವಿಗೆ ಅಪಾಯಕರ. ಬ್ರೇಕ್ ಹಾಕಿದರೆ ಹೊಡೆಯುವವನಿಗೂ ಅವನ ಪಕ್ಕದವನಿಗೂ ಅದು ಇನ್ನೂ ತೀಕ್ಷ್ಣ. ಆದ್ದರಿಂದಲೇ ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಎಷ್ಟೋ ಮಂದಿ ಕಿವಿಗೆ ರಕ್ಷಣೆ ತೊಟ್ಟು ಗುರಿ ಅಭ್ಯಾಸ ಮಾಡುವಾಗ ಅದನ್ನು ಬಳಸಿ, ಕಾಡಿಗೆ ಹೋಗುವಾಗ ಕಳಚಿಡುತ್ತಾರೆ. ಕಳಚಿದರೆ ಗುಂಡು ಬೀಳುವ ಜಾಗವೂ ತುಸು ಬದಲಾಗಬಹುದಾದ್ದರಿಂದ ಗುರಿಯನ್ನು ಮತ್ತೆ ಪರೀಕ್ಷಿಸಿಕೊಳ್ಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಈಗ ನಮ್ಮಲ್ಲಿ ವಿನೋದದ ಬೇಟೆಗೆ ಎಡೆಯಿಲ್ಲ. ಮಾವನ ಬಂದೂಕಿನ ಬಾಯಿಗೋ ತಿರುಪೇ ಇರಲಿಲ್ಲ. ಆದರೂ ರಜೆಯಲ್ಲಿ ಊರಿಗೆ ಹೋದಾಗ ಈ ಸಂಗತಿಯನ್ನು ಉತ್ಸಾಹದಿಂದ ವಿವರಿಸಿದೆ. ಎಡಗಿವಿ ಮಂದವಾಗಿರುವ ಅವರು ಬಲಗಿವಿಯನ್ನು ನನ್ನತ್ತ ತಿರುಗಿಸಿ ಎಲ್ಲವನ್ನೂ ಕೇಳಿದರು.

“ಅಳಿಯಾ, ನನ್ನ ಹೆಗಲ ಬ್ಯಾನಿ ಬಾಜೂ ನಿಂತಾಂವನ ಕಿವ್ಯಾಗ ಹಾಕೂದೇನು? ಅದು ನ್ಯಾಯ ಅಲ್ಲ ಬಿಡು.”

ಈ ಮಾತನ್ನು ನಾನು ಅಲ್ಲಿಯೇ ಮರೆತುಬಿಡುತ್ತಿದ್ದೆನೇನೋ. ಆದರೆ ಅದೇ ವಾರ ಕಾಲೇಜಿನಲ್ಲಿ, ತಪ್ಪು ನನ್ನದಲ್ಲದಿದ್ದರೂ ಹತ್ತು ಜನರೆದುರು ಮಾತು ಕೇಳಬೇಕಾಯಿತು. ಅಲ್ಲಿ ಬಾಯಿ ತೆರೆಯಲಿಲ್ಲ, ಗಂಭೀರನಾಗಿ ನಿಂತಿದ್ದೆ. ಸಹೋದ್ಯೋಗಿಗಳು ನನ್ನ ತಾಳ್ಮೆಯನ್ನು ಹೊಗಳಿದರು. ಸಂಜೆ ಮನೆಗೆ ಬಂದಾಗ ಚಹಾ ತಣ್ಣಗಿದೆಯೆಂಬ ಒಂದು ನೆಪ ಸಿಕ್ಕಿತು. ಹೆಂಡತಿಯ ಮೇಲೆ ನಾನು ಎತ್ತಿದ ದನಿ ನನಗೇ ಅಪರಿಚಿತವಾಗಿತ್ತು. ತಿರುಗಿ ನೋಡಿದರೆ ಬಾಗಿಲ ಮೂಲೆಯಲ್ಲಿ ನನ್ನ ಪುಟ್ಟ ಮಗಳು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು ನಿಂತಿದ್ದಳು.

ಆ ಭಂಗಿಯನ್ನು ನಾನು ಬಲ್ಲೆ. ಅಂದು ಗೋವಿನಜೋಳದ ಹೊಲದಲ್ಲಿ ನಾನು ನಿಂತದ್ದೂ ಹಾಗೆಯೇ.

ಹೊಸ ಚಹಾ ಮಾಡಲು ನಾನೇ ಅಡಿಗೆಮನೆಗೆ ಹೋದೆ. ಈಗ ಸಂಜೆ ಬಾಗಿಲಲ್ಲಿ ಚಪ್ಪಲಿ ಕಳಚುವಾಗ ಮಾವನ ಮಾತು ನೆನಪಾಗುತ್ತದೆ. ಹೆಗಲು ನೋಯುವ ದಿನಗಳು ಇನ್ನೂ ಇವೆ. ಹಾಗಿದ್ದ ದಿನ, “ಇಂದು ಬಹಳ ನೊಂದೆ” ಎಂದು ಮೆಲ್ಲಗೆ ಹೇಳಿಬಿಡುತ್ತೇನೆ. ಉಪ್ಪಿನ ಶಾಖ ಕೊಡುವವರು ನಮ್ಮ ಮನೆಯಲ್ಲಿಯೂ ಇದ್ದಾರೆ.